ಕ್ಯಾಂಟೀನಲ್ಲಿ, ಬಸ್ಸಲ್ಲಿ, ಗೇಟಲ್ಲಿ: ಒಂದು ‘ಅಲ್ಲಿ’ಗೆ ಮೂರು ಇಂಗ್ಲಿಷ್

ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಶುರುವಾಯಿತು. ಆಮೇಲೆ ವಿಸ್ಟ್ರಾನ್ ಬಂದು ಐಫೋನ್ ಜೋಡಿಸತೊಡಗಿತು. 2023ರಲ್ಲಿ ಆ ಘಟಕ ಟಾಟಾ ಎಲೆಕ್ಟ್ರಾನಿಕ್ಸ್ ಪಾಲಾಯಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಇಂಥ ಕಾರ್ಖಾನೆಗಳಿಗೆ ಶಿಫ್ಟಿಗೆ ಬರುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಪದಗಳೇನೂ ಕಡಿಮೆಯಿಲ್ಲ. ಟ್ರೇ, ಲೈನ್, ಸ್ಕ್ರೂ, ಗೇಟ್, ಪಂಚ್, ಓಟಿ ಎಲ್ಲ ಬಾಯಲ್ಲೇ ಇವೆ. ವಾಕ್ಯ ಕಟ್ಟಲು ಹೊರಟಾಗ ನಾಲಿಗೆ ತಡವರಿಸುವುದು ನಡುವಿನ ಪುಟ್ಟ ಪದಗಳಲ್ಲಿ: ಇನ್, ಆನ್, ಆ್ಯಟ್, ಟು, ಇಂಟು, ಆಫ್.

ಕಾರಣ ಸರಳ. ‘ಕ್ಯಾಂಟೀನಲ್ಲಿದ್ದೀನಿ, ಬಸ್ಸಲ್ಲಿದ್ದೀನಿ, ಗೇಟಲ್ಲಿದ್ದೀನಿ’ ಎನ್ನುವಾಗ ನಮಗೆ ‘ಅಲ್ಲಿ’ ಒಂದೇ ಸಾಕು. ಇಂಗ್ಲಿಷಿನವರಿಗೆ ಸಾಲದು. ಅವರು ‘ಇನ್ ದ ಕ್ಯಾಂಟೀನ್’, ‘ಆನ್ ದ ಬಸ್’, ‘ಆ್ಯಟ್ ದ ಗೇಟ್’ ಎನ್ನುತ್ತಾರೆ. ‘ಅಲ್ಲಿ’ಗೆ ಇಂಗ್ಲಿಷಿನಲ್ಲಿ ಏನು ಎಂದು ಹುಡುಕುತ್ತ ಕೂತರೆ ಉತ್ತರ ಸಿಗುವುದಿಲ್ಲ. ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲ ಪ್ರಶ್ನೆ: ಜಾಗ ಎಂಥದ್ದು?

ಜಾಗವನ್ನು ಇಂಗ್ಲಿಷ್ ಮೂರು ಬಗೆಯಾಗಿ ನೋಡುತ್ತದೆ. ಸುತ್ತ ಗೋಡೆಯೋ ಎಲ್ಲೆಯೋ ಇದ್ದು ಒಳಗು ಇರುವಂಥದ್ದಾದರೆ ‘ಇನ್’: ಇನ್ ದ ರೂಮ್, ಇನ್ ದ ಬಾಕ್ಸ್, ಇನ್ ಮಾಲೂರು. ಮೇಲ್ಮೈಗೆ ತಾಗಿಕೊಂಡಿದ್ದರೆ ‘ಆನ್’: ಆನ್ ದ ಟೇಬಲ್, ಆನ್ ದ ವಾಲ್. ಗೋಡೆಗೆ ತಗುಲಿಸಿದ ಕ್ಯಾಲೆಂಡರಿಗೂ ಆನ್, ಸೂರಿಗೆ ಅಂಟಿದ ಹಲ್ಲಿಗೂ ಆನ್. ತಾಗಿರುವುದು ಮುಖ್ಯ, ಮೇಲಿರುವುದಲ್ಲ. ಒಳಗು, ಮೇಲ್ಮೈ ಯಾವುದೂ ಲೆಕ್ಕಕ್ಕಿಲ್ಲದೆ ಬರೀ ಗುರುತಿನ ಜಾಗವಾದರೆ ‘ಆ್ಯಟ್’: ಆ್ಯಟ್ ದ ಗೇಟ್, ಆ್ಯಟ್ ದ ಬಸ್ ಸ್ಟಾಪ್.

ಒಂದೇ ಜಾಗವನ್ನು ಎರಡು ಬಗೆಯಲ್ಲಿ ನೋಡಲೂಬಹುದು. ‘ಶಿ ಈಸ್ ಇನ್ ಹಾಸ್ಪಿಟಲ್’ ಎಂದರೆ ಆಕೆ ದಾಖಲಾಗಿದ್ದಾಳೆ ಎಂದೇ ಸಾಮಾನ್ಯ ಅರ್ಥ. ‘ಶಿ ಈಸ್ ಆ್ಯಟ್ ದ ಹಾಸ್ಪಿಟಲ್’ ಎಂದರೆ ಆಸ್ಪತ್ರೆ ಇರುವ ಜಾಗದಲ್ಲಿದ್ದಾಳೆ ಎಂದಷ್ಟೇ, ಯಾರನ್ನೋ ನೋಡಲು ಹೋಗಿರಬಹುದು.

ಒಂದು ಮಾತು ನೆನಪಿರಲಿ. ನಾವು ‘ಮೇಜಿನ ಮೇಲೆ’ ಎಂದು ವಸ್ತುವನ್ನು ಮೊದಲು ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಮೇಲೆ’ ಮೊದಲು, ಮೇಜು ಆಮೇಲೆ.

ಎರಡನೇ ಪ್ರಶ್ನೆ: ಇರುವುದೋ, ಸೇರುವುದೋ, ಬಿಡುವುದೋ?

ಇಲ್ಲಿ ನಮ್ಮ ಕನ್ನಡವೇ ಕೈಹಿಡಿಯುತ್ತದೆ. ಇರುವುದಕ್ಕೆ ‘ಅಲ್ಲಿ’, ಸೇರುವುದಕ್ಕೆ ‘ಗೆ’ ಅಥವಾ ‘ಕ್ಕೆ’, ಬಿಡುವುದಕ್ಕೆ ‘ಇಂದ’ ಎಂದು ನಾವು ಆಗಲೇ ಬೇರ್ಪಡಿಸಿದ್ದೇವೆ. ಕೋಲಾರದ ಎಷ್ಟೋ ಮನೆಗಳಲ್ಲಿ ಆಡುವ ತೆಲುಗಿನಲ್ಲೂ ‘ಲೋ’, ‘ಕಿ’, ‘ನುಂಚಿ’ ಎಂಬ ಮೂರು ಹೀಗೇ ಇವೆ. ಎರಡೂ ಪ್ರಶ್ನೆಯ ಉತ್ತರ ಸೇರಿಸಿದರೆ ಒಂಬತ್ತು ಮನೆಯ ಪಟ್ಟಿ ಸಿದ್ಧ:

ಒಳಗು: ಇರುವುದು ಇನ್, ಸೇರುವುದು ಇಂಟು, ಬಿಡುವುದು ಔಟ್ ಆಫ್.
ಮೇಲ್ಮೈ: ಇರುವುದು ಆನ್, ಸೇರುವುದು ಆನ್‌ಟು, ಬಿಡುವುದು ಆಫ್.
ಗುರುತಿನ ಜಾಗ: ಇರುವುದು ಆ್ಯಟ್, ಸೇರುವುದು ಟು, ಬಿಡುವುದು ಫ್ರಮ್.

ಬರೆಯುವಾಗ ಎಚ್ಚರ: ‘ಔಟ್ ಆಫ್’ನಲ್ಲಿ ಒಂದೇ ಎಫ್, ಮೇಲ್ಮೈ ಬಿಡುವ ‘ಆಫ್’ಗೆ ಎರಡು.

ಈ ಪಟ್ಟಿಯನ್ನು ಕೋಲಾರದ ಪಕ್ಕದ ಅಂತರಗಂಗೆ ಬೆಟ್ಟದಲ್ಲಿ ಪರೀಕ್ಷಿಸಬಹುದು. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಕಲ್ಯಾಣಿಗೆ ಬೀಳುತ್ತದೆ. ಬಾಯಿಗೂ ಕಲ್ಯಾಣಿಗೂ ಒಳಗು ಉಂಟು. ಹಾಗಾಗಿ ‘ವಾಟರ್ ಕಮ್ಸ್ ಔಟ್ ಆಫ್ ದ ಬುಲ್ಸ್ ಮೌತ್ ಅಂಡ್ ಫಾಲ್ಸ್ ಇಂಟು ದ ಪಾಂಡ್’. ಕೋತಿ ನಿಮ್ಮ ಬ್ಯಾಗಿನ ಮೇಲೆ ಹಾರಿತೇ? ಮೇಲ್ಮೈಗೆ ಬಂದು ಸೇರಿತು: ‘ಜಂಪ್ಡ್ ಆನ್‌ಟು ಮೈ ಬ್ಯಾಗ್’. ಬೆಟ್ಟ ನೋಡಿಕೊಂಡು ಮನೆಗೆ ಬಂದವರು ಎಲ್ಲಿಂದ ಬಂದಿರಿ ಎಂದರೆ ‘ಫ್ರಮ್ ಅಂತರಗಂಗೆ’.

ಬಸ್ಸು, ಆಟೊ, ಬೈಕು

ಬಸ್ಸಿಗೆ ಒಳಗು ಇದ್ದರೂ ಆನ್ ಯಾಕೆ ಎಂದು ಕೇಳುವವರಿದ್ದಾರೆ. ಎದ್ದು ಓಡಾಡಬಹುದಾದ ದೊಡ್ಡ ವಾಹನಕ್ಕೆ, ಅಂದರೆ ಬಸ್ಸು, ರೈಲು, ವಿಮಾನ, ಹಡಗಿಗೆ ಇಂಗ್ಲಿಷಿನಲ್ಲಿ ಆನ್ ರೂಢಿ. ಮೈ ಬಗ್ಗಿಸಿ ತೂರಿ ಕೂರುವ ಕಾರು, ಆಟೊಗೆ ಇನ್. ಕಾಲು ಹಾಕಿ ಕೂರುವ ಬೈಕು, ಸೈಕಲ್ಲಿಗೆ ಮತ್ತೆ ಆನ್. ಹತ್ತುವುದು, ಇಳಿಯುವುದು ಕೂಡ ಇದನ್ನೇ ಅನುಸರಿಸುತ್ತವೆ: ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’, ಆಟೊಗೆ ‘ಗೆಟ್ ಇಂಟು’, ‘ಗೆಟ್ ಔಟ್ ಆಫ್’. ನಾವು ಬಸ್ಸು ಹತ್ತುತ್ತೇವೆಂದು ‘ಕ್ಲೈಂಬ್ ದ ಬಸ್’ ಎಂದರೆ ಕೇಳಿದವರಿಗೆ ಬಸ್ಸಿನ ಟಾಪ್ ಮೇಲೆ ಏರಿದ ಚಿತ್ರ ಬರುತ್ತದೆ.

ಊರು, ರಸ್ತೆ, ಸ್ಟಾಪು

‘ಎಲ್ಲಿ ಕೆಲಸ?’ ಎಂಬ ಪ್ರಶ್ನೆಗೆ ‘ಐ ವರ್ಕ್ ಆ್ಯಟ್ ಎ ಫ್ಯಾಕ್ಟರಿ ಇನ್ ನರಸಾಪುರ’ ಎಂಬುದು ಸೊಗಸಾದ ಉತ್ತರ: ಕೆಲಸದ ಜಾಗಕ್ಕೆ ಆ್ಯಟ್, ಊರಿಗೆ ಇನ್. ತಾಲ್ಲೂಕು, ಜಿಲ್ಲೆಗೂ ಇನ್ನೇ. ರಸ್ತೆ, ರೈಲು ಮಾರ್ಗ, ನದಿ ಎಂದರೆ ಗೆರೆ. ಗೆರೆಯ ಮೇಲಿನ ಊರಿಗೆ ಆನ್. ಮುಳಬಾಗಿಲು ರಾಷ್ಟ್ರೀಯ ಹೆದ್ದಾರಿ 75ರಲ್ಲಿದೆ: ‘ಮುಳಬಾಗಿಲು ಈಸ್ ಆನ್ ಎನ್‌ಎಚ್ 75’. ಮಾಲೂರು ಚೆನ್ನೈ ರೈಲು ಮಾರ್ಗದಲ್ಲಿದೆ: ‘ಆನ್ ದ ಚೆನ್ನೈ ಲೈನ್’. ಅದೇ ಮಾಲೂರು ಪ್ರಯಾಣದ ನಡುವಿನ ಒಂದು ನಿಲುಗಡೆಯಾದಾಗ ‘ದ ಟ್ರೈನ್ ಸ್ಟಾಪ್ಸ್ ಆ್ಯಟ್ ಮಾಲೂರು’. ಊರು ಬದಲಾಗಲಿಲ್ಲ, ನೋಡುವ ಬಗೆ ಬದಲಾಯಿತು.

ಮೇಲೆ, ಕೆಳಗೆ, ಎದುರು

ನಮ್ಮ ‘ಮೇಲೆ’ಯೂ ಇಂಗ್ಲಿಷಿಗೆ ಹೋದಾಗ ಒಡೆಯುತ್ತದೆ. ತಾಗಿದ್ದರೆ ಆನ್. ತಾಗದೆ ಎತ್ತರದಲ್ಲಿದ್ದರೆ ಅಬೋವ್. ನೆತ್ತಿಯ ನೇರಕ್ಕಿದ್ದರೆ, ಅಥವಾ ಮೇಲಿನಿಂದ ದಾಟಿ ಹೋದರೆ ಓವರ್. ‘ಕೆಳಗೆ’ಯೂ ಹಾಗೆಯೇ: ನೇರ ಅಡಿಗಿದ್ದರೆ ಅಂಡರ್, ಬರೀ ತಗ್ಗಿನಲ್ಲಿದ್ದರೆ ಬಿಲೋ. ‘ಎದುರು’ ಎನ್ನುವಾಗ ಇಂಗ್ಲಿಷಿನಲ್ಲಿ ನಡುವೆ ರಸ್ತೆಯೋ ಮೇಜೋ ಇದ್ದು ಎದುರುಬದುರಾಗಿದ್ದರೆ ಆಪೋಸಿಟ್. ಮುಂಭಾಗದಲ್ಲೇ ಇದ್ದರೆ ಇನ್ ಫ್ರಂಟ್ ಆಫ್. ಎರಡರ ನಡುವೆ ಬಿಟ್ವೀನ್: ಕೋಲಾರ ಇರುವುದು ನರಸಾಪುರ ಮತ್ತು ಮುಳಬಾಗಿಲಿನ ಬಿಟ್ವೀನ್.

ದಾರಿ ಹೇಳುವುದು

ಕ್ಯಾಬಿನ ಚಾಲಕನಿಗೆ ಇಂಗ್ಲಿಷಿನಲ್ಲಿ ದಾರಿ ಹೇಳಬೇಕಾದಾಗ ನಾಲ್ಕು ಪದ ಬೇಕೇ ಬೇಕು. ರಸ್ತೆಗುಂಟ ಸಾಗಿದರೆ ಅಲಾಂಗ್. ಈ ಬದಿಯಿಂದ ಆ ಬದಿಗೆ ಹೋದರೆ ಅಕ್ರಾಸ್. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಿದ್ದರೆ ಥ್ರೂ. ಪಕ್ಕದಲ್ಲಿ ಹಾದು ಮುಂದೆ ಹೋದರೆ ಪಾಸ್ಟ್. ಕನ್ನಡದಲ್ಲಿ ‘ರಸ್ತೆ ದಾಟಿ’ಗೂ ‘ಪೆಟ್ರೋಲ್ ಬಂಕ್ ದಾಟಿ’ಗೂ ‘ದಾಟಿ’ ಒಂದೇ. ಇಂಗ್ಲಿಷಿನಲ್ಲಿ ರಸ್ತೆಗೆ ಅಕ್ರಾಸ್, ಬಂಕಿಗೆ ಪಾಸ್ಟ್. ಜೋಡಿಸಿದರೆ ಹೀಗೆ: ‘ಡ್ರೈವ್ ಅಲಾಂಗ್ ದ ಹೈವೇ, ಗೋ ಪಾಸ್ಟ್ ದ ಪೆಟ್ರೋಲ್ ಬಂಕ್, ಟರ್ನ್ ಲೆಫ್ಟ್ ಆ್ಯಟ್ ದ ಕ್ರಾಸ್. ಐ ಆಮ್ ಇನ್ ಫ್ರಂಟ್ ಆಫ್ ದ ಬೇಕರಿ.’

ಏನೂ ಬೇಡದ ಕಡೆ

ಕನ್ನಡದಲ್ಲಿ ‘ಗೆ’ ಇದ್ದ ಕಡೆಯಲ್ಲೆಲ್ಲ ಟು ತುರುಕುವುದು ನಮ್ಮ ರೂಢಿ. ಮನೆಗೆ ಹೋದೆ ಎನ್ನಲು ‘ಐ ವೆಂಟ್ ಹೋಮ್’ ಸಾಕು. ಕೋಲಾರಕ್ಕೆ ತಲುಪಿದೆ ಎನ್ನಲು ‘ಐ ರೀಚ್ಡ್ ಕೋಲಾರ’. ಕೋಣೆಗೆ ನುಗ್ಗಿದರೆ ‘ಎಂಟರ್ಡ್ ದ ರೂಮ್’; ಎಂಟರ್ ಒಳಗೇ ಇಂಟು ಅಡಗಿದೆ. ಕಮ್ ಹಿಯರ್, ಗೋ ದೇರ್ ಎನ್ನುವಾಗಲೂ ಟು ಬೇಡ.

ಯಾವುದನ್ನು ಮೊದಲು ಕಲಿಯಬೇಕು?

ಇನ್ ಬದಲು ಆ್ಯಟ್ ಬಂದರೆ ಸಾಮಾನ್ಯವಾಗಿ ಯಾರೂ ತಪ್ಪು ತಿಳಿಯುವುದಿಲ್ಲ, ಅದು ಬಳಸುತ್ತ ಬಳಸುತ್ತ ಸರಿಹೋಗುತ್ತದೆ. ಕೆಲಸದ ಜಾಗದ ಬೋರ್ಡಿನ ಮೇಲಿರುವವು ಹಾಗಲ್ಲ. ‘ಡು ನಾಟ್ ಸ್ಟ್ಯಾಂಡ್ ಅಂಡರ್ ದ ಲೋಡ್’ ಎಂದರೆ ತೂಗುವ ಭಾರದ ಅಡಿಗೆ ನಿಲ್ಲಬೇಡಿ. ‘ಸ್ಟೇ ಬಿಹೈಂಡ್ ದ ಯೆಲ್ಲೋ ಲೈನ್’ ಎಂದರೆ ಹಳದಿ ಗೆರೆಯ ಹಿಂದೆಯೇ ಇರಿ. ‘ಕೀಪ್ ಹ್ಯಾಂಡ್ಸ್ ಔಟ್ ಆಫ್ ದ ಮಷೀನ್’ ಎಂದರೆ ಯಂತ್ರದೊಳಗೆ ಕೈ ಹಾಕಬೇಡಿ. ಆದ್ದರಿಂದ ಹೊಸಬರು ಅಂಡರ್, ಬಿಹೈಂಡ್, ಬಿಟ್ವೀನ್, ಇಂಟು, ಔಟ್ ಆಫ್, ಆನ್, ಆಫ್ ಈ ಏಳನ್ನು ಮೊದಲ ವಾರದಲ್ಲೇ ಗಟ್ಟಿಮಾಡಿಕೊಳ್ಳಲಿ. ಬೋರ್ಡಿನ ಒಂದೊಂದು ಸಾಲನ್ನೂ ಓದಿ, ಅದು ಹೇಳುವ ಜಾಗವನ್ನು ಕೈ ಮಾಡಿ ತೋರಿಸಿ, ಪಕ್ಕದಲ್ಲಿರುವ ಹಳಬರಿಂದ ಸರಿಯೇ ಎಂದು ಕೇಳಿಕೊಳ್ಳಿ. ಬಸ್ಸು, ಊರು, ಬೆಟ್ಟದ ವಾಕ್ಯಗಳನ್ನು ಎರಡನೇ ವಾರಕ್ಕೆ ಇಟ್ಟುಕೊಂಡರೂ ನಷ್ಟವಿಲ್ಲ.