ವೇಷ ಮತ್ತು ವಿನಯ



ಉಡುಪಿ ಜಿಲ್ಲೆಯ ಶಿರ್ವದಲ್ಲಿ ಆರೋಗ್ಯ ಮಾತೆಯ ಇಗರ್ಜಿ ಇದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಆರಂಭವಾಗುವುದು ಬೂದಿ ಬುಧವಾರದಂದು. ಲೋಕದ ಇತರ ಕಥೋಲಿಕ ಇಗರ್ಜಿಗಳಂತೆ ಇಲ್ಲಿಯೂ ಆ ದಿನ ಧರ್ಮಗುರುಗಳು ಭಕ್ತರ ಹಣೆಗೆ ಬೂದಿ ಹಚ್ಚುತ್ತಾರೆ. ಹಿಂದಿನ ವರ್ಷ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಮರಳುವವನು ಎಂದು ನೆನಪಿಸುವುದು ಅದರ ಉದ್ದೇಶ.

ಸ್ವಾರಸ್ಯವೆಂದರೆ, ಅಂದು ಓದುವ ಸುವಾರ್ತೆ ಮತ್ತಾಯನ 6ನೆಯ ಅಧ್ಯಾಯದ್ದು. ದಾನ ಮಾಡಿದರೆ ಡಂಗುರ ಸಾರಬೇಡಿ, ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಿ, ಉಪವಾಸವಿದ್ದರೆ ಮುಖ ತೊಳೆದುಕೊಳ್ಳಿ ಎಂಬುದು ಅದರ ತಾತ್ಪರ್ಯ. ಇದನ್ನು ಕೇಳಿದ ಮೇಲೆಯೇ ಹಣೆಗೆ ಬೂದಿ! ಇದು ವಿರೋಧವಲ್ಲವೇ ಎಂದು ನೀವು ಕೇಳಬಹುದು.

ಉತ್ತರಕ್ಕಾಗಿ ಒಂದು ಪದವನ್ನು ನೋಡೋಣ. ಕಪಟಿ ಎಂಬ ಅರ್ಥದಲ್ಲಿ ಸುವಾರ್ತೆ ಬಳಸುವ ಗ್ರೀಕ್ ಪದ ‘ಹುಪೊಕ್ರಿತೇಸ್’. ಅದಕ್ಕೆ ರಂಗದ ಮೇಲಿನ ನಟ ಎಂಬ ಅರ್ಥವೂ ಇತ್ತು. ಕರಾವಳಿಯ ಮಾತಿನಲ್ಲಿ ಹೇಳುವುದಾದರೆ, ವೇಷಧಾರಿ. ಆದರೆ ಯಕ್ಷಗಾನದ ವೇಷಧಾರಿ ಯಾರಿಗೂ ಮೋಸ ಮಾಡುವುದಿಲ್ಲ. ಆಟ ಮುಗಿದ ಮೇಲೆ ಬಣ್ಣ ಒರೆಸುತ್ತಾನೆ. ಧರ್ಮದ ವೇಷಧಾರಿ ಬಣ್ಣ ಒರೆಸುವುದೇ ಇಲ್ಲ. ಪಂಚತಂತ್ರದಲ್ಲಿ ಶಿಷ್ಯನ ಸೋಗಿನಲ್ಲಿ ಸನ್ಯಾಸಿಯ ಹಣ ಕದ್ದ ಆಷಾಢಭೂತಿ ಇಂಥವನು. ಫ್ರಾನ್ಸಿನಲ್ಲಿ ಮೋಲಿಯೇರ್ 1664ರಲ್ಲಿ ಇಂಥವನನ್ನೇ ‘ತಾರ್ತುಫ್’ ನಾಟಕದಲ್ಲಿ ಚಿತ್ರಿಸಿದಾಗ ಆ ನಾಟಕದ ಸಾರ್ವಜನಿಕ ಪ್ರದರ್ಶನವನ್ನೇ ತಡೆಯಲಾಯಿತು. ಎ.ಎನ್. ಮೂರ್ತಿರಾಯರು ಅದನ್ನು ಕನ್ನಡಕ್ಕೆ ತಂದಾಗ ಇಟ್ಟ ಹೆಸರು ‘ಆಷಾಢಭೂತಿ’. ಈ ರೋಗ ಒಂದು ಮತಕ್ಕೆ ಸೇರಿದ್ದಲ್ಲ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯೊಂದಿದೆ. ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ. ಫರಿಸಾಯನು ವಾರಕ್ಕೆರಡು ಸಲ ಉಪವಾಸ ಮಾಡುವವನು, ಆದಾಯದಲ್ಲಿ ಹತ್ತರಲ್ಲೊಂದು ಪಾಲು ಕೊಡುವವನು. ಅದನ್ನೆಲ್ಲ ದೇವರ ಮುಂದೆ ಎಣಿಸಿ, ಹಿಂದೆ ನಿಂತ ಸುಂಕದವನಂತೆ ತಾನಿಲ್ಲವಲ್ಲ ಎಂದು ವಂದಿಸುತ್ತಾನೆ. ಸುಂಕದವನಾದರೋ ತಲೆಯೆತ್ತದೆ ಕರುಣೆ ಬೇಡುತ್ತಾನೆ. ದೇವರಿಗೆ ಒಪ್ಪಿಗೆಯಾದವನು ಈ ಎರಡನೆಯವನು.

ಫರಿಸಾಯನು ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಿ. ಹಾಗಾದರೆ ತಪ್ಪು ಎಲ್ಲಿ? ವಿಜ್ಞಾನ ಓದಿದ ನನಗೆ ಅದು ಅಳತೆಗೋಲಿನ ತಪ್ಪು ಎಂದು ತೋರುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಸ್ಥಿರವಾದ ಮಾನಕ್ಕೆ ಹೋಲಿಸಿ ಅಳೆಯುತ್ತೇವೆ. ಫರಿಸಾಯನು ತನ್ನನ್ನು ನೆರೆಯವನಿಗೆ ಹೋಲಿಸಿ ಅಳೆದ. ಸುಂಕದವನು ದೇವರ ಎದುರು ಅಳೆದುಕೊಂಡ. ಮೊದಲನೆಯ ಅಳತೆಯಲ್ಲಿ ಯಾರು ಬೇಕಾದರೂ ಎತ್ತರ ಕಾಣಬಹುದು, ಪಕ್ಕದಲ್ಲಿ ಗಿಡ್ಡನೊಬ್ಬ ಇದ್ದರಾಯಿತು. ಫರಿಸಾಯರೆಲ್ಲ ಕಪಟಿಗಳೆಂದೂ ತಿಳಿಯಬೇಡಿ. ನಾನು ಆ ಫರಿಸಾಯನಂತಲ್ಲ ಎಂದು ಸಮಾಧಾನಪಟ್ಟರೆ ಆ ಕ್ಷಣವೇ ನಾವು ಅವನ ಜಾಗದಲ್ಲಿ ನಿಂತಿರುತ್ತೇವೆ.

ವಿನಯದ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಧರ್ಮಗುರು 1681ರಿಂದ ಕೆಲವು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದರು. ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ 1687ರಲ್ಲಿ ಬಡಕೂಲಿಯ ವೇಷದಲ್ಲಿ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ಮನೆಯವರೇ ಬಿಟ್ಟುಹೋದ ರೋಗಿಗಳ ಶುಶ್ರೂಷೆ ಮಾಡಿದರು. 1711ರಲ್ಲಿ ಅಲ್ಲಿಯೇ ತೀರಿಕೊಂಡರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಅವರೂ ವೇಷ ಹಾಕಿದವರೇ! ಆದರೆ ಕಪಟಿ ತಾನಿರುವುದಕ್ಕಿಂತ ಮೇಲಿನ ವೇಷ ಹಾಕುತ್ತಾನೆ, ತನ್ನ ಲಾಭಕ್ಕೆ. ಇವರು ಕೆಳಗಿನ ವೇಷ ಹಾಕಿದರು, ಪರರಿಗಾಗಿ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಗೋವೆಯಿಂದ ವಲಸೆ ಬಂದ ಕೊಂಕಣಿ ಕಥೋಲಿಕರೊಂದಿಗೆ ಜಾತಿಭೇದವೂ ಬಂತು. ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸಿದವರು ಮದುವೆಯ ಮಾತು ಬಂದಾಗ ಕುಲ ವಿಚಾರಿಸಿದರೆ, ಆ ಸಾಲಿಗೆ ಏನು ಬೆಲೆ? ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರವಲ್ಲ, ಪಂಕ್ತಿಯಲ್ಲಿ ಕುಳಿತು ಉಣ್ಣುವ ನಮಗೆಲ್ಲರಿಗೂ ಅನ್ವಯಿಸುತ್ತದೆ.

ನನ್ನ ವೃತ್ತಿಯಲ್ಲಿ ದಿನವೂ ಕಾಣುವ ಸಂಗತಿ ಒಂದಿದೆ. ಕ್ಯಾಮೆರಾದ ಕೆಂಪು ದೀಪ ಹತ್ತಿದೊಡನೆ ಎಲ್ಲರ ಬೆನ್ನು ನೆಟ್ಟಗಾಗುತ್ತದೆ, ಮಾತು ಮೃದುವಾಗುತ್ತದೆ. ದೀಪ ಆರಿದ ಮೇಲೆ ಚಹಾ ತಂದ ಹುಡುಗನೊಡನೆ ಹೇಗೆ ಮಾತನಾಡುತ್ತಾರೆ ಎಂಬುದರಲ್ಲಿ ಮನುಷ್ಯ ತಿಳಿಯುತ್ತಾನೆ. ನಾನೂ ಆ ಪರೀಕ್ಷೆಯಲ್ಲಿ ಎಷ್ಟೋ ಸಲ ಸೋತಿದ್ದೇನೆ.

ಇನ್ನು ಬೂದಿಯ ಪ್ರಶ್ನೆ. ಬೂದಿ ಪದಕವಲ್ಲ, ಅದು ಎಲ್ಲರ ಹಣೆಯ ಮೇಲೂ ಒಂದೇ. ಸಾಹುಕಾರನನ್ನೂ ಆಳನ್ನೂ ಮಣ್ಣೆಂದೇ ಕರೆಯುವ ಗುರುತು ಅದು. ಹಾಗೆ ಧರಿಸಿದರೆ ವಿನಯ. ಯಾರು ನೋಡಿದರು ಎಂದು ಎಣಿಸಿದರೆ ವೇಷ. ಸಂಜೆ ಮುಖ ತೊಳೆದಾಗ ಬೂದಿ ಹೋಗುತ್ತದೆ. ಆಮೇಲೆ ಉಳಿಯುವುದೇನು? ಅದನ್ನು ನೀವೇ ಯೋಚಿಸಿ ನೋಡಿ.