ಕೈಜೆನ್: ಕಾರಿನ ಕಾರ್ಖಾನೆಯಲ್ಲಿ ಗುಣಮಟ್ಟ ಹುಟ್ಟುವುದು ಹೇಗೆ?

ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ದಾಸರಹಳ್ಳಿ, ಜಾಲಹಳ್ಳಿ ದಾಟಿದರೆ ಪೀಣ್ಯದ ಶೀಟು ಹಾಸಿದ ಶೆಡ್ಡುಗಳು ಸಾಲುಸಾಲಾಗಿ ಕಾಣುತ್ತವೆ. ನಮ್ಮಲ್ಲಿ ಹಲವರ ಅಪ್ಪ, ಅಣ್ಣ, ಚಿಕ್ಕಪ್ಪಂದಿರು ಇಂಥ ಶೆಡ್ಡುಗಳಲ್ಲಿ ಲೇತ್, ಸಿಎನ್‌ಸಿ, ಪ್ರೆಸ್ ಯಂತ್ರಗಳ ಮುಂದೆ ನಿಂತು ದುಡಿಯುವವರು. ‘ಸ್ಯಾಂಪಲ್ ಪಾಸಾಯಿತು’, ‘ಇಡೀ ಲಾಟ್ ರಿಜೆಕ್ಟ್ ಆಯಿತು’ ಎಂಬ ಮಾತುಗಳು ಆ ಮನೆಗಳಿಗೆ ಹೊಸದಲ್ಲ. ಒಂದು ಲಾಟ್ ವಾಪಸ್ ಬಂದರೆ ಆ ತಿಂಗಳ ಓವರ್‌ಟೈಮ್ ಹೋಯಿತೆಂದೇ ಲೆಕ್ಕ. ಹಾಗಾದರೆ ಈ ಗುಣಮಟ್ಟ ಎಂದರೆ ಏನು? ಅದಕ್ಕೆ ಕಂಪನಿಗಳು ಇಷ್ಟು ಪಟ್ಟು ಹಿಡಿಯುವುದೇಕೆ?

ಮೊದಲು ಒಂದು ಸಣ್ಣ ಲೆಕ್ಕ. ಸಣ್ಣ ತಿರುಪಿನವರೆಗೂ ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಬಿಡಿಭಾಗಗಳಿರುತ್ತವೆ. ಸಾವಿರಕ್ಕೆ 999 ಭಾಗಗಳು ಸರಿಯಾಗಿವೆ ಎಂದುಕೊಳ್ಳಿ. ಪರೀಕ್ಷೆಯಲ್ಲಾದರೆ ಅದು 99.9 ಶೇಕಡಾ, ರ‍್ಯಾಂಕ್ ಖಚಿತ. ಆದರೆ ಅದೇ ಲೆಕ್ಕದಲ್ಲಿ ಪ್ರತಿ ಕಾರಿನಲ್ಲೂ ಸರಾಸರಿ 30 ದೋಷಯುಕ್ತ ಭಾಗಗಳು ಉಳಿಯುತ್ತವೆ. ಅವುಗಳಲ್ಲಿ ಒಂದು ಬ್ರೇಕಿನದ್ದಾಗಿದ್ದರೆ? ಹೀಗಾಗಿ ಕಾರು ಪೂರ್ತಿ ತಯಾರಾದ ಮೇಲೆ ತಪ್ಪು ಹುಡುಕುವುದು ಸಾಲದು. ತಪ್ಪು ಹುಟ್ಟುವ ಜಾಗದಲ್ಲೇ ಅದನ್ನು ತಡೆಯಬೇಕು.

ಈ ವಿಚಾರದ ಬೇರು ಇರುವುದು ಕಾರಿನಲ್ಲಲ್ಲ, ಮಗ್ಗದಲ್ಲಿ. ಜಪಾನಿನ ಸಕಿಚಿ ಟೊಯೋಡಾ ಎಂಬವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ಒಂದು ನೂಲು ಕಡಿದರೂ ತಾನಾಗಿಯೇ ನಿಲ್ಲುತ್ತಿತ್ತು. ಹಾಳು ಬಟ್ಟೆ ನೇಯ್ದು ಆಮೇಲೆ ಎಸೆಯುವುದಕ್ಕಿಂತ ನಿಲ್ಲುವುದೇ ಲಾಭ ಎಂಬುದು ಅದರ ತತ್ವ. ಅವರ ಮಗ ಕಿಚಿರೊ 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಕಟ್ಟಿದರು. 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಜಪಾನಿಗೆ ಬಂದು ಎಂಜಿನಿಯರುಗಳಿಗೂ ಕಂಪನಿ ಮುಖ್ಯಸ್ಥರಿಗೂ ಗುಣಮಟ್ಟ ನಿಯಂತ್ರಣದ ಪಾಠ ಮಾಡಿದರು. ಟೊಯೋಟಾದ ಎಂಜಿನಿಯರ್ ತೈಚಿ ಓನೊ ಇಂಥ ವಿಚಾರಗಳನ್ನು ಕಾರ್ಖಾನೆಯ ದಿನನಿತ್ಯದ ಪದ್ಧತಿಯಾಗಿ ರೂಪಿಸಿದರು.

ಆ ಪದ್ಧತಿ ನಮ್ಮ ಊರಿನ ಹತ್ತಿರಕ್ಕೂ ಬಂತು. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಗಿ, 1999ರ ಡಿಸೆಂಬರ್‌ನಲ್ಲಿ ಮೈಸೂರು ರಸ್ತೆಯ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿತು. ಮೊದಲು ಹೊರಬಂದದ್ದು ಕ್ವಾಲಿಸ್, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ. 2010ರ ಕೊನೆಗೆ ಅಲ್ಲೇ ಎರಡನೇ ಘಟಕ ಶುರುವಾಗಿ ಎಟಿಯೋಸ್ ತಯಾರಾಯಿತು.

ಟೊಯೋಟಾ ಪದ್ಧತಿಯಲ್ಲಿ ಎಲ್ಲರಿಗೂ ಅರ್ಥವಾಗುವ ಸಾಧನವೆಂದರೆ ‘ಆಂಡಾನ್’. ಜೋಡಣೆಯ ಸಾಲಿನಲ್ಲಿ ನಿಂತ ಕಾರ್ಮಿಕನ ಕೈಗೆಟುಕುವಂತೆ ಒಂದು ಹಗ್ಗವೋ ಗುಂಡಿಯೋ ಇರುತ್ತದೆ. ಏನಾದರೂ ತಪ್ಪು ಕಂಡರೆ ಅವನು ಅದನ್ನು ಎಳೆಯುತ್ತಾನೆ. ಫಲಕದಲ್ಲಿ ದೀಪ ಹತ್ತುತ್ತದೆ, ತಂಡದ ನಾಯಕ ಓಡಿ ಬರುತ್ತಾನೆ. ನಿಗದಿತ ಸಮಯದಲ್ಲಿ ಸರಿಯಾಗದಿದ್ದರೆ ಸಾಲು ನಿಲ್ಲುತ್ತದೆ. ಕೆಳಗಿನ ಹಂತದ ಕೆಲಸಗಾರನಿಗೂ ‘ನಿಲ್ಲಿಸಿ’ ಎನ್ನುವ ಅಧಿಕಾರವಿದೆ. ಹಗ್ಗ ಎಳೆದವನಿಗೆ ಬೈಗುಳ ಬಿದ್ದರೆ ಮಾರನೆಯ ದಿನದಿಂದ ಯಾರೂ ಎಳೆಯುವುದಿಲ್ಲ, ದೋಷ ಗ್ರಾಹಕನ ಮನೆ ಸೇರುತ್ತದೆ.

ಸಾಲು ನಿಂತ ಮೇಲೆ ‘ಯಾಕೆ’ ಎಂದು ಐದು ಸಲ ಕೇಳಬೇಕು. ಒಂದು ಉದಾಹರಣೆ ನೋಡೋಣ. ತೂತು ದೊಡ್ಡದಾಗಿದೆ, ಯಾಕೆ? ಡ್ರಿಲ್ ಬಿಟ್ ಅಲುಗಾಡುತ್ತಿದೆ. ಯಾಕೆ? ಅದನ್ನು ಹಿಡಿಯುವ ಚಕ್ ಸವೆದಿದೆ. ಬದಲಾಯಿಸಲಿಲ್ಲ, ಯಾಕೆ? ಸವೆದದ್ದು ಯಾರಿಗೂ ತಿಳಿಯಲಿಲ್ಲ. ಯಾಕೆ? ಯಾರೂ ಪರೀಕ್ಷಿಸಲಿಲ್ಲ. ಯಾಕೆ? ವಾರದ ತಪಾಸಣೆಯ ಪಟ್ಟಿಯಲ್ಲಿ ಚಕ್ ಇಲ್ಲವೇ ಇಲ್ಲ. ಮೊದಲ ಉತ್ತರಕ್ಕೇ ನಿಂತಿದ್ದರೆ ಹೊಸ ಬಿಟ್ ಹಾಕಿ ಕೈತೊಳೆದುಕೊಳ್ಳುತ್ತಿದ್ದೆವು, ಇಲ್ಲವೇ ಆಪರೇಟರ್‌ಗೆ ಬೈಯುತ್ತಿದ್ದೆವು. ಐದನೆಯ ಉತ್ತರ ಸಿಕ್ಕಿದ್ದರಿಂದ ಪಟ್ಟಿಗೆ ಒಂದು ಸಾಲು ಸೇರುತ್ತದೆ, ಆ ದೋಷ ಮರುಕಳಿಸುವುದು ತಪ್ಪುತ್ತದೆ.

ಹೀಗೆ ದಿನದಿನವೂ ಮಾಡುವ ಸಣ್ಣ ಸುಧಾರಣೆಯೇ ‘ಕೈಜೆನ್’. ಜಪಾನಿ ಭಾಷೆಯಲ್ಲಿ ‘ಕೈ’ ಎಂದರೆ ಬದಲಾವಣೆ, ‘ಜೆನ್’ ಎಂದರೆ ಒಳಿತು. ಕಾರ್ಮಿಕರಿಂದ ಸಲಹೆ ಪಡೆಯುವ ವ್ಯವಸ್ಥೆಯನ್ನು ಟೊಯೋಟಾ 1951ರಲ್ಲೇ ಆರಂಭಿಸಿತು. ಸ್ಪ್ಯಾನರ್ ಇಡುವ ಜಾಗ ಎರಡು ಹೆಜ್ಜೆ ಹತ್ತಿರ ಬಂದರೂ ಅದು ಕೈಜೆನ್ನೇ. ಕ್ರಮ ನಾಲ್ಕು ಹಂತದ್ದು: ಯೋಜಿಸು, ಮಾಡು, ಪರಿಶೀಲಿಸು, ಸರಿಪಡಿಸು. ನಾಲ್ಕನೆಯದು ಮುಗಿದರೆ ಮತ್ತೆ ಮೊದಲನೆಯದು.

ದ್ವಿತೀಯ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದುವವರಿಗೆ ನಿಯಂತ್ರಣ ನಕ್ಷೆಯ ಪರಿಚಯವಿರಬಹುದು. ಯಂತ್ರ ಸರಿಯಿದ್ದರೂ ಅಳತೆಗಳಲ್ಲಿ ಸ್ವಲ್ಪ ಏರುಪೇರು ಸಹಜ. ಸರಾಸರಿಯ ಆಚೀಚೆ ಮೂರು ಮಾನಕ ವಿಚಲನೆಯ ಗೆರೆ ಎಳೆದರೆ, ಪ್ರಸಾಮಾನ್ಯ ವಿತರಣೆಯಲ್ಲಿ 10,000ಕ್ಕೆ ಸುಮಾರು 27 ಅಳತೆಗಳು ಮಾತ್ರ ಹೊರಗೆ ಬೀಳುತ್ತವೆ. ಆದ್ದರಿಂದ ಒಂದು ಚುಕ್ಕೆ ಗೆರೆ ದಾಟಿದರೆ ಅದನ್ನು ಆಕಸ್ಮಿಕ ಎಂದು ಬಿಡದೆ ಕಾರಣ ಹುಡುಕುತ್ತಾರೆ.

ಕಾರು ಕಂಪನಿ ಎಲ್ಲ ಭಾಗಗಳನ್ನೂ ತಾನೇ ಮಾಡುವುದಿಲ್ಲ. ಪೂರೈಕೆದಾರರಿಂದ ಬೇಕಾದದ್ದನ್ನು, ಬೇಕಾದಾಗ, ಬೇಕಾದಷ್ಟೇ ತರಿಸಿಕೊಳ್ಳುತ್ತದೆ. ಗೋದಾಮಿನಲ್ಲಿ ಹೆಚ್ಚು ಸರಕು ಇಲ್ಲದ ಕಾರಣ, ಸಣ್ಣ ಶೆಡ್ಡಿನ ಒಂದು ಕೆಟ್ಟ ಲಾಟ್ ದೊಡ್ಡ ಕಾರ್ಖಾನೆಯನ್ನೇ ನಿಲ್ಲಿಸಬಹುದು. ಅದಕ್ಕೇ ಕಾರು ಉದ್ಯಮ ಐಎಟಿಎಫ್ 16949 ಎಂಬ ಪ್ರತ್ಯೇಕ ಗುಣಮಟ್ಟದ ಮಾನದಂಡ ಇಟ್ಟುಕೊಂಡಿದೆ. ಯಾವ ಭಾಗ, ಯಾವ ದಿನ, ಯಾವ ಯಂತ್ರದಲ್ಲಿ ಆಯಿತು ಎಂಬುದು ದಾಖಲೆಯಲ್ಲಿರಬೇಕು.

ಇಷ್ಟೆಲ್ಲ ಇದ್ದರೂ ಎಡವುವುದುಂಟು. 2009-10ರಲ್ಲಿ ಆಕ್ಸಿಲರೇಟರ್ ಪೆಡಲ್ ಮುಂತಾದ ತೊಂದರೆಗಳಿಂದ ಟೊಯೋಟಾ ಜಗತ್ತಿನಾದ್ಯಂತ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. 2010ರ ಫೆಬ್ರವರಿಯಲ್ಲಿ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ, ಜನರನ್ನು ತಯಾರು ಮಾಡುವುದಕ್ಕಿಂತ ವೇಗವಾಗಿ ಕಂಪನಿ ಬೆಳೆಯಿತು ಎಂದು ಒಪ್ಪಿಕೊಂಡರು. 2020ರ ನವೆಂಬರ್‌ನಲ್ಲಿ ಬಿಡದಿಯಲ್ಲೂ ವಿವಾದ ಎದ್ದು ಲಾಕೌಟ್ ಆಯಿತು. ಕೆಲಸದ ಹೊರೆ ಮಿತಿಮೀರಿದೆ ಎಂದು ಕಾರ್ಮಿಕ ಸಂಘ ಹೇಳಿದರೆ, ಮುಷ್ಕರ ಕಾನೂನುಬಾಹಿರ ಎಂದು ಆಡಳಿತ ಹೇಳಿತು. ಯಾರ ವಾದ ಸರಿ ಎಂಬ ತೀರ್ಪು ಇಲ್ಲಿ ಬೇಡ. ಆದರೆ ಸುಧಾರಣೆ ಎಂದರೆ ವ್ಯರ್ಥವನ್ನು ಕಡಿಮೆ ಮಾಡುವುದೋ, ಅದೇ ಕೈಗಳಿಂದ ಇನ್ನಷ್ಟು ದುಡಿಸುವುದೋ ಎಂಬ ಪ್ರಶ್ನೆ ಪ್ರತಿ ಕಾರ್ಖಾನೆಯಲ್ಲೂ ಇದೆ. ನಾಳೆ ನಮ್ಮಲ್ಲಿ ಕೆಲವರು ಆಪರೇಟರ್‌ಗಳಾಗಿ, ಕೆಲವರು ಸೂಪರ್‌ವೈಸರ್‌ಗಳಾಗಿ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ.

ಕೆಲಸವನ್ನು ಅಚ್ಚುಕಟ್ಟಾಗಿ, ಪೂರ್ಣವಾಗಿ ಮಾಡುವುದಕ್ಕೆ ಅರಬ್ಬಿಯಲ್ಲಿ ‘ಇತ್ಕಾನ್’ ಎಂಬ ಮಾತಿದೆ. ಜುಮಾ ಬಯಾನ್‌ನಲ್ಲಿ ನಮ್ಮಲ್ಲಿ ಅನೇಕರು ಅದನ್ನು ಕೇಳಿರಬಹುದು. ಯಾರೂ ನೋಡದ ತಿರುಪನ್ನೂ ಸರಿಯಾಗಿ ಬಿಗಿಯುವುದು ಅದೇ ಗುಣ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿರುವ ಕಿರಿಯರಿಗೆ ಈ ಕ್ಷೇತ್ರದಲ್ಲಿ ಆಸಕ್ತಿಯಿದ್ದರೆ, ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯ ಬಗ್ಗೆ ತಿಳಿಸಿ. ಅದು ಕರ್ನಾಟಕದ ಬಡ ಕುಟುಂಬಗಳ ಮಕ್ಕಳಿಗಾಗಿ ಮೂರು ವರ್ಷದ ವಸತಿಸಹಿತ ತರಬೇತಿ ನೀಡುತ್ತದೆ.

ನಾವೂ ಇದನ್ನು ಈ ವಾರವೇ ಪ್ರಯತ್ನಿಸಬಹುದು. ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಕಳೆದುಹೋದ ಅಂಕಗಳನ್ನು ವಿಂಗಡಿಸಿ: ಲೆಕ್ಕದ ತಪ್ಪಿಗೆ ಎಷ್ಟು, ಸಮಯ ಸಾಲದೆ ಎಷ್ಟು, ಪಾಠ ತಿಳಿಯದೆ ಎಷ್ಟು. ಹೆಚ್ಚು ಅಂಕ ತಿಂದ ಕಾರಣವನ್ನು ಹಿಡಿದು ಐದು ಸಲ ‘ಯಾಕೆ’ ಎಂದು ಕೇಳಿ. ಪಾಠವೇ ತಿಳಿಯಲಿಲ್ಲವಾದರೆ ತರಗತಿಯಲ್ಲಿ ಕೈ ಎತ್ತಿ ‘ಸರ್, ಒಂದು ನಿಮಿಷ ನಿಲ್ಲಿಸಿ’ ಎನ್ನಲು ಹಿಂಜರಿಯಬೇಡಿ.