ಚಾಟ್ ಸಾಕಾ, ಕಾಲ್ ಬೇಕಾ? ದೂರದ ಟೀಮ್‌ಗಳ ಮಾತುಕತೆಯ ಲೆಕ್ಕ

ಇವತ್ತಿನ ಕಂತು ಬೇರೆ ಬೇರೆ ಊರಲ್ಲಿ ಕೂತು ಒಟ್ಟಿಗೆ ಸಾಫ್ಟ್‌ವೇರ್ ಮಾಡೋರ ಬಗ್ಗೆ. ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಮನೆಯಿಂದ ಕೆಲಸ ಮಾಡೋರಿಗೆ ದಿನಾ ಎದುರಾಗುವ ಪ್ರಶ್ನೆ ಇದು: ಚಾಟ್‌ನಲ್ಲಿ ಕೇಳಲಾ, ಕಾಲ್ ಮಾಡಲಾ, ಇಲ್ಲಾ ಈಮೇಲ್ ಹಾಕಲಾ? ಯಾವ ಆ್ಯಪ್ ಒಳ್ಳೇದು ಅನ್ನೋದು ಆಮೇಲಿನ ಮಾತು. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇದಕ್ಕೆ ಉತ್ತರ ಈಗಲೇ ಬೇಕಾ? ಎರಡು, ಆರು ತಿಂಗಳಾದ ಮೇಲೆ ಇದನ್ನ ಯಾರಾದರೂ ಹುಡುಕ್ತಾರಾ?

ಇದು ಎಷ್ಟು ಮುಖ್ಯ ಅಂತ ತಿಳಿಯೋಕೆ ಗಿಟ್‌ಲ್ಯಾಬ್‌ನಲ್ಲಿ ನಡೆದ ಒಂದು ಘಟನೆ ನೋಡೋಣ. ಇದು ಬೇರೆ ಬೇರೆ ದೇಶಗಳ ಜನ ಅವರವರ ಮನೆಯಿಂದಲೇ ಕೆಲಸ ಮಾಡುವ ಕಂಪನಿ. 2017ರ ಜನವರಿ 31ರಂದು ಅವರ ಡೇಟಾಬೇಸ್ ತೊಂದರೆ ಕೊಡ್ತಿತ್ತು. ಸರಿ ಮಾಡೋಕೆ ಹೋದ ಒಬ್ಬ ಎಂಜಿನಿಯರ್ ಎರಡನೇ ಸರ್ವರ್‌ನಲ್ಲಿ ಅಳಿಸಬೇಕಿದ್ದ ಡೇಟಾವನ್ನು ಮುಖ್ಯ ಸರ್ವರ್‌ನಲ್ಲೇ ಅಳಿಸಿಬಿಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು ಬರೀ 4.5 ಜಿಬಿ.

ಬ್ಯಾಕಪ್ ಇರಲಿಲ್ವಾ ಅಂತ ಕೇಳ್ತೀರಿ. ದಿನಾ ಬ್ಯಾಕಪ್ ತೆಗೆಯುವ ವ್ಯವಸ್ಥೆ ಇತ್ತು, ಆದರೆ ಅದು ಕೆಲಸವನ್ನೇ ಮಾಡ್ತಿರಲಿಲ್ಲ. ಬ್ಯಾಕಪ್ ವಿಫಲವಾದರೆ ತಾನಾಗಿ ಒಂದು ಈಮೇಲ್ ಹೋಗಬೇಕಿತ್ತು. ಆ ಈಮೇಲ್‌ಗಳಿಗೆ ಡಿಮಾರ್ಕ್ ಅನ್ನೋ ಭದ್ರತಾ ವ್ಯವಸ್ಥೆ ಹೊಂದಿಸಿರಲಿಲ್ಲ. ಹಾಗಾಗಿ ಅವು ಬಂದವರ ಬಾಗಿಲಲ್ಲೇ ವಾಪಸ್ ಆಗ್ತಿದ್ವು. ಮಷಿನ್ ಹೇಳ್ತಾನೇ ಇತ್ತು, ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಬೇರೊಂದು ಕೆಲಸಕ್ಕೆ ಅಂತ ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿ ಅವರನ್ನು ಕಾಪಾಡಿತು. ಆ ಆರು ಗಂಟೆಗಳ ದಾಖಲೆ ಹೋಯ್ತು: ಅವರದೇ ಅಂದಾಜಿನಂತೆ ಸುಮಾರು 5,000 ಪ್ರಾಜೆಕ್ಟ್‌ಗಳು, 5,000 ಕಾಮೆಂಟ್‌ಗಳು ಮತ್ತು 700 ಹೊಸ ಖಾತೆಗಳ ಮೇಲೆ ಪರಿಣಾಮ ಆಯ್ತು.

ಇಲ್ಲಿ ಮೊದಲ ಪಾಠ: ತುರ್ತು ಸುದ್ದಿಯನ್ನು ಒಂದೇ ದಾರಿಗೆ ನಂಬಿ ಬಿಡಬೇಡಿ. ಕಳಿಸಿದ್ದು ತಲುಪಿದೆಯಾ ಅಂತ ಆಗಾಗ ಪರೀಕ್ಷೆ ಮಾಡಿ.

ಎರಡನೇ ಪಾಠ, ಅನಾಹುತ ಆದ ಮೇಲೆ ಅವರು ನಡೆದುಕೊಂಡ ರೀತಿ. ಆ ಹೊತ್ತಿನಲ್ಲಿ ಉತ್ತರ ಈಗಲೇ ಬೇಕಿತ್ತು. ಹಾಗಾಗಿ ವಿಡಿಯೊ ಕಾಲ್, ಅದೂ ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಕಾಣುವಂತೆ. ಜೊತೆಗೆ ಏನಾಗ್ತಿದೆ ಅಂತ ಒಂದೇ ಗೂಗಲ್ ಡಾಕ್‌ನಲ್ಲಿ ಬರೀತಾ ಹೋದರು, ಅದನ್ನೂ ಎಲ್ಲರಿಗೂ ತೆರೆದಿಟ್ಟರು. ಹತ್ತು ದಿನದ ಮೇಲೆ ಪೂರ್ತಿ ವರದಿ ಬಂತು. ಅದರಲ್ಲಿ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯೂ ಇತ್ತು. ಬೆಂಕಿ ಆರಿಸೋಕೆ ಮಾತು, ನೆನಪಿಗೆ ಬರಹ. ಎರಡೂ ಬೇಕಾಯ್ತು.

ದಿನನಿತ್ಯದ ಕೆಲಸಕ್ಕೆ ಬರೋಣ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತೆ. ಅಲ್ಲಿ ಬೆಳಗ್ಗೆ 10ಕ್ಕೆ ಮೀಟಿಂಗ್ ಅಂದರೆ ಇಲ್ಲಿ ರಾತ್ರಿ 11.30. ಪ್ರತಿ ನಿರ್ಧಾರ ಕಾಲ್‌ನಲ್ಲೇ ಆಗೋದಾದರೆ, ನಿದ್ದೆಗೆಟ್ಟು ಕೂತವರಿಗೆ ಮಾತ್ರ ಮಾತು ಸಿಗುತ್ತೆ. ಮನೆಯಲ್ಲಿ ಮಗು ಇರೋರು, ನೆಟ್‌ವರ್ಕ್ ಕೈಕೊಡೋ ಊರಿನೋರು, ಕೋಡ್ ಚೆನ್ನಾಗಿ ಬರೆದರೂ ಇಂಗ್ಲಿಷ್‌ನಲ್ಲಿ ಪಟಪಟ ಮಾತಾಡೋಕೆ ಬಾರದೋರು ಹೊರಗೇ ಉಳೀತಾರೆ. ಬರವಣಿಗೆಯಲ್ಲಿ ಇವರಿಗೆಲ್ಲ ಯೋಚನೆ ಮಾಡೋಕೆ ಸಮಯ ಸಿಗುತ್ತೆ. ಲಿನಕ್ಸ್ ಕರ್ನಲ್ ನೋಡಿ. ಅದಕ್ಕೆ ಕೋಡ್ ಕಳಿಸೋದು, ಪ್ರತಿ ಸಾಲಿಗೂ ಟೀಕೆ ಬರೆಯೋದು ಇವತ್ತಿಗೂ ಹೆಚ್ಚಾಗಿ ಈಮೇಲ್‌ನಲ್ಲೇ. ಹಳೇ ಪದ್ಧತಿ ಅನ್ನಿಸಬಹುದು, ಆದರೆ ಜಗತ್ತಿನ ಯಾವ ಮೂಲೆಯವರೂ ತಮ್ಮ ಬೆಳಗ್ಗೆ ತಾವು ಉತ್ತರ ಕೊಡ್ತಾರೆ.

ಹಾಗಾದರೆ ಚಾಟ್ ಬೇಡವಾ? ಬೇಕು. ನಾನು ಬಿಕಾಂ ಓದಿದವನು, ನನಗೆ ಇದು ಅಂಗಡಿ ಲೆಕ್ಕದ ಥರ ಕಾಣುತ್ತೆ. ಚಾಟ್ ಅಂದರೆ ಗಲ್ಲಾಪೆಟ್ಟಿಗೆ ಪಕ್ಕದ ಕಚ್ಚಾ ಚೀಟಿ. ಅದಿಲ್ಲದೆ ವ್ಯಾಪಾರ ನಡೆಯಲ್ಲ. ಆದರೆ ಸಂಜೆ ಅದು ಕಿರ್ದಿಗೆ ಏರಬೇಕು, ಕಿರ್ದಿಯಿಂದ ಖಾತೆಗೆ ಹೋಗಬೇಕು. ಚೀಟಿಯಲ್ಲೇ ಉಳಿದ ಸಾಲ ವಸೂಲಾಗಲ್ಲ. ಸ್ಲ್ಯಾಕ್‌ನ ಉಚಿತ ಪ್ಲಾನ್‌ನಲ್ಲಿ 2022ರಿಂದ ಹಿಂದಿನ 90 ದಿನದ ಮೆಸೇಜ್ ಮಾತ್ರ ಕಾಣುತ್ತೆ. ನಿಮ್ಮ ಟೀಮಿನ ನಿರ್ಧಾರ ಅಲ್ಲಷ್ಟೇ ಇದ್ದರೆ, ನಾಲ್ಕನೇ ತಿಂಗಳು ಸೇರಿದ ಹೊಸಬರಿಗೆ ಅದು ನಡೆದೇ ಇಲ್ಲ. ಆಮೇಲೆ "ನಾನು ಆವತ್ತೇ ಹೇಳಿದ್ದೆನಲ್ಲ" ಅನ್ನೋ ಜಗಳ ಶುರುವಾಗುತ್ತೆ. ಅದರಲ್ಲಿ ಸಾಮಾನ್ಯವಾಗಿ ಸೋಲೋದು ಜೂನಿಯರ್.

ನನ್ನ ಸಲಹೆ ಇಷ್ಟೇ. ಸೈಟ್ ಬಿದ್ದಿದ್ರೆ ಫೋನ್ ಮಾಡಿ. ಮೂರು ಸಲ ಬರೆದರೂ ಒಬ್ಬರಿಗೊಬ್ಬರು ಅರ್ಥ ಆಗ್ತಿಲ್ಲ, ಇಲ್ಲಾ ಮಾತಿನಲ್ಲಿ ಬಿಸಿ ಏರ್ತಿದೆ ಅಂದ್ರೆ ಹದಿನೈದು ನಿಮಿಷದ ಕಾಲ್ ಮಾಡಿ. ಸಣ್ಣ ಅನುಮಾನ ಇದ್ದರೆ ಚಾಟ್, ಆದರೆ ಬರೀ "ಹಾಯ್" ಅಂತ ಹಾಕಿ ಕಾಯಬೇಡಿ, ಪ್ರಶ್ನೆಯನ್ನ ಒಂದೇ ಸಲ ಪೂರ್ತಿ ಬರೆಯಿರಿ. ಕೋಡ್ ಬಗ್ಗೆ ಇದ್ದರೆ ಕೋಡ್ ಪಕ್ಕದಲ್ಲೇ, ರಿವ್ಯೂನಲ್ಲಿ ಬರೆಯಿರಿ. ನಿರ್ಧಾರ ಎಲ್ಲೇ ಆಗಲಿ, ಏನು ತೀರ್ಮಾನ, ಯಾಕೆ, ಯಾರು ಮಾಡ್ತಾರೆ, ಯಾವಾಗ ಅಂತ ಅದೇ ದಿನ ಟಿಕೆಟ್‌ನಲ್ಲಿ ನಾಲ್ಕು ಸಾಲು ಬರೆಯಿರಿ. ಟೀಮ್ ಲೀಡ್ ಮಾಡದಿದ್ದರೆ ನೀವೇ ಶುರು ಮಾಡಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ನಿಮ್ಮ ಟೀಮಲ್ಲಿ ಇದು ಹೇಗೆ ನಡೀತಿದೆ ಅಂತ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.